ಮಣ್ಣೆತ್ತು, ಕುಂಟೆತ್ತು ಮತ್ತು ಒಂದು ಟ್ರ್ಯಾಕ್ಟರ್

ಒಂದನೇ ಕ್ಲಾಸಿನಲ್ಲಿ ಥೀಮ್ ಡೇ ಅಂದ ಕೂಡಲೇ ಓಡಾಟ ಶುರುವಾಗೋದು ತಾಯಂದಿರದು. ಹಳದಿ ದಿನ ಅಂದರೆ ಹಳದಿ ಫ್ರಾಕು, ಹಳದಿ ರಿಬ್ಬನ್ನು, ಡಬ್ಬಿಯಲ್ಲಿ ಚಿತ್ರಾನ್ನ. ಹಣ್ಣಿನ ದಿನ ಅಂದರೆ ಥರ್ಮಾಕೋಲಿನ ಕಲ್ಲಂಗಡಿ. ವಿಜಯಪುರದಲ್ಲಿರೋ ನನ್ನ ತಂಗಿಗೆ ಮಗಳ ಶಾಲೆಯಿಂದ ರಾತ್ರಿ ಎಂಟಕ್ಕೆ ವಾಟ್ಸಾಪಿನಲ್ಲಿ ಮೆಸೇಜು ಬರುತ್ತದೆ, ನಾಳೆ ಮಗು ಚಿಟ್ಟೆಯಾಗಿ ಬರಬೇಕು ಅಂತ. ಅವಳು ಗಾಡಿ ತಗೊಂಡು ಗಾಂಧಿ ಚೌಕಕ್ಕೆ ಓಡುತ್ತಾಳೆ, ಅಂಗಡಿ ಮುಚ್ಚೋದರೊಳಗೆ ರೆಕ್ಕೆ ಸಿಗಬೇಕಲ್ಲ. ಮರುದಿನ ಮಗು ರೆಕ್ಕೆ ಕಟ್ಟಿಕೊಂಡು ಹೋಗಿ, ಸಾಲಿನಲ್ಲಿ ನಿಂತು, ಫೋಟೋ ತೆಗೆಸಿಕೊಂಡು, ರೆಕ್ಕೆ ಹರಕೊಂಡು ವಾಪಸ್ ಬರುತ್ತದೆ. ಇದರಲ್ಲಿ ಮಗು ಮಾಡಿದ್ದೇನು ಅಂತ ಕೇಳಿದರೆ ತಂಗಿಗೆ ಸಿಟ್ಟು ಬರುತ್ತದೆ. ನನಗೂ ಬರುತ್ತದೆ, ಬೇರೆ ಕಾರಣಕ್ಕೆ.

ನಾನು ಸರಕಾರಿ ಶಾಲೆಯವಳು. ಡೋಣಿ ನದಿ ಬಯಲಿನ ಒಂದು ಹಳ್ಳಿಯಲ್ಲಿ ನಲಿ-ಕಲಿ ತರಗತಿ ನೋಡಿಕೊಳ್ಳುತ್ತೇನೆ. 'ಡೋಣಿ ಬೆಳೆದರೆ ಓಣೆಲ್ಲಾ ಜೋಳ' ಅಂತಾರಲ್ಲ, ಆ ಕಡೆ. ಸುತ್ತ ಎಲ್ಲಿ ನೋಡಿದರೂ ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ. ನಲಿ-ಕಲಿ ಗೊತ್ತಿಲ್ಲದವರಿಗೆ ಎರಡು ಮಾತು: 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾದದ್ದು, 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿಗೆಲ್ಲ ಬಂತು. ಒಂದು, ಎರಡು, ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಪಾಠ ಪುಸ್ತಕಕ್ಕಿಂತ ಕಾರ್ಡಿನಲ್ಲಿ ಇರುತ್ತದೆ. ಮಕ್ಕಳು ಏಣಿ ಏರಿದ ಹಾಗೆ ಮೆಟ್ಟಿಲು ಮೆಟ್ಟಿಲು ಮುಂದೆ ಹೋಗುತ್ತಾರೆ, ಯಾರು ಎಷ್ಟು ಬೇಗ ಅನ್ನೋದು ಅವರವರಿಗೆ ಬಿಟ್ಟಿದ್ದು. ತಲೆ ಮೇಲೆ ದಾರ ಕಟ್ಟಿದ ಚಪ್ಪರ ಇರುತ್ತದೆ, ಮಕ್ಕಳು ಬರೆದದ್ದು ಬಿಡಿಸಿದ್ದು ಅಲ್ಲಿ ತೂಗಾಡುತ್ತಿರುತ್ತದೆ. ಗೋಡೆಗೆ ಕೆಳಗೆ, ಮಕ್ಕಳ ಕೈಗೆ ಎಟಕುವ ಹಾಗೆ ಕಪ್ಪು ಹಲಗೆ.

ತಂದೆತಾಯಿಗಳ ಮೊದಲ ತಕರಾರು ಜೂನ್ ತಿಂಗಳಲ್ಲೇ ಬರುತ್ತದೆ. "ಟೀಚರ್, ಪಕ್ಕದ ಮನಿ ಹುಡುಗ ಕಾನ್ವೆಂಟಿನ್ಯಾಗ ಎಬಿಸಿಡಿ ಪೂರಾ ಬರಿತಾನ. ನಮ್ಮಕಿಗೆ ಇನ್ನೂ ಅ ಆ ಸೈತ ಬರಂಗಿಲ್ಲ." ಹೌದು, ಬರೋದಿಲ್ಲ. ಮೊದಲ ಮೂರು ತಿಂಗಳು ಹೆಚ್ಚುಕಡಿಮೆ ಆಟ, ಹಾಡು, ಮಾತು, ಗೆರೆ, ಬಣ್ಣ. ವಿದ್ಯಾಪ್ರವೇಶ ಅಂತ 2021ರಲ್ಲಿ ದೇಶಕ್ಕೆಲ್ಲ 12 ವಾರದ ಕಾರ್ಯಕ್ರಮವೇ ಬಂತು. ಅದಾದ ಮೇಲೆ ಅಕ್ಷರ ಶುರುವಾದರೂ ಅದು ಅ ಆ ಇ ಈ ಅಲ್ಲ, ರ ಗ ಸ ದ ಅ. ಬರೆಯೋಕೆ ಸುಲಭ, ಈ ಐದರಲ್ಲೇ ಸರ, ಅರಸ, ಅಗಸ, ಗರಗಸ ಅಂತ ಪದ ಓದೋಕೂ ಬರುತ್ತದೆ. ಅಜ್ಜಿಯಂದಿರಿಗೆ ಮಾತ್ರ ಇದು ಅರ್ಥವಾಗೋದಿಲ್ಲ. ವರ್ಣಮಾಲೆ ತಿರುವಿ ಹಾಕಿದ್ದಾರೆ ಅಂತ ಅವರ ವಾದ.

ನನ್ನ ಮಾತು ಇಷ್ಟೇ. ಅಕ್ಷರಕ್ಕಿಂತ ಮೊದಲು ಬೆರಳು ತಯಾರಾಗಬೇಕು. ಐದೂವರೆ ಆರು ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ನೋಡಿ. ಮುಷ್ಟಿಯಲ್ಲಿ ಹಿಡಿಯುತ್ತದೆ, ಭುಜದಿಂದ ಗೆರೆ ಎಳೆಯುತ್ತದೆ, ಎರಡು ಸಾಲಿಗೆ ಕೈ ಸೋಲುತ್ತದೆ. ಮಗು ದಡ್ಡ ಅಂತಲ್ಲ, ಹೆಬ್ಬೆರಳು, ತೋರುಬೆರಳು, ನಡುಬೆರಳು ಈ ಮೂರಕ್ಕೆ ಇನ್ನೂ ಬಲ ಬಂದಿಲ್ಲ ಅಷ್ಟೇ. ಆ ಬಲ ಬರೋದು ಚಿವುಟೋದರಿಂದ, ಹೊಸೆಯೋದರಿಂದ, ನಾದೋದರಿಂದ. ಅದನ್ನು ಮಾಡಿಸೋಕೆ ನಮ್ಮ ಕಡೆ ಒಂದು ಹಬ್ಬವೇ ಇದೆ, ಅದೂ ಶಾಲೆ ಶುರುವಾದ ತಿಂಗಳ ಸುಮಾರಿಗೆ, ಹೇಳಿ ಮಾಡಿಸಿದ ಹಾಗೆ.

ಮಣ್ಣೆತ್ತಿನ ಅಮಾವಾಸ್ಯೆ, ಮಣ್ಣಿನ ಎತ್ತು ಮಾಡಿ ಪೂಜೆ ಮಾಡೋ ಹಬ್ಬ. 2025ರಲ್ಲಿ ಜೂನ್ 25ಕ್ಕೆ ಬಂದಿತ್ತು, ಬುಧವಾರ. ಅದರ ಹಿಂದಿನ ಶನಿವಾರ 21ನೇ ತಾರೀಖು, ತಿಂಗಳ ಮೂರನೇ ಶನಿವಾರ, ಅಂದರೆ ನಮ್ಮ ಬ್ಯಾಗಿಲ್ಲದ ದಿನ, 'ಸಂಭ್ರಮ ಶನಿವಾರ'. ಎರಡೂ ಸೇರಿಸಿಬಿಡೋಣ ಅಂದುಕೊಂಡೆ. ಅದೇ ದಿನ ಅಂತರರಾಷ್ಟ್ರೀಯ ಯೋಗ ದಿನವೂ ಇತ್ತು ಅನ್ನೋದು ಆಮೇಲೆ ನೆನಪಾಯಿತು. ಪರವಾಗಿಲ್ಲ, ಬೆಳಿಗ್ಗೆ ಅಂಗಳದಲ್ಲಿ ವಜ್ರಾಸನ, ಆಮೇಲೆ ಮಣ್ಣು.

ತಾಯಂದಿರಿಗೆ ಏನೂ ತರಬೇಡಿ ಅಂದಿದ್ದೆ. ಹಳೆ ಅಂಗಿ ಹಾಕಿ ಕಳಿಸಿ ಸಾಕು ಅಂದಿದ್ದೆ. ಅರ್ಧ ಮಂದಿ ಹೊಸ ಅಂಗಿ ಹಾಕಿಯೇ ಕಳಿಸಿದರು, ಫೋಟೋ ತೆಗಿತಾರೆ ಅಂತ.

ಮಣ್ಣು ತರೋ ಕೆಲಸ ಹಿಂದಿನ ದಿನವೇ ಮುಗಿದಿತ್ತು. ಮೂರನೇ ತರಗತಿಯ ದೊಡ್ಡ ಹುಡುಗರು ಹಳ್ಳದ ದಂಡೆಯಿಂದ ಬುಟ್ಟಿಯಲ್ಲಿ ಎರಿಮಣ್ಣು ತಂದರು. ಹೆಂಟೆ ಒಡೆದು, ಹರಳು ಆರಿಸಿ, ರಾತ್ರಿಯಿಡೀ ನೆನೆಸಿಟ್ಟೆವು. ಬೆಳಿಗ್ಗೆ ನೋಡಿದರೆ ಅದು ಅಂಟಂಟು ರಾಡಿ. ಬಿಸಿಯೂಟದ ಅಡುಗೆ ಅಕ್ಕ ಬಂದು ಒಂದು ಸಲ ಬೆರಳು ಅದ್ದಿ ನೋಡಿ, "ನೀರ ಹೆಚ್ಚ ಆಗೇತಿ ಟೀಚರ್, ಇದು ಎತ್ತ ಆಗಂಗಿಲ್ಲ, ಅಂಬಲಿ ಆಗತೈತಿ" ಅಂದಳು. ಒಣ ಮಣ್ಣು ಸೇರಿಸಿ, ರೊಟ್ಟಿ ಹಿಟ್ಟು ನಾದಿದ ಹಾಗೆ ಅಂಗೈ ಬುಡದಿಂದ ಒತ್ತಿ ಒತ್ತಿ ಹದಕ್ಕೆ ತಂದವಳು ಅವಳೇ. ತರಬೇತಿ ಕೈಪಿಡಿಯಲ್ಲಿ 'ಜೇಡಿಮಣ್ಣಿನಿಂದ ಆಕೃತಿ ಮಾಡಿಸುವುದು' ಅಂತ ಒಂದು ಸಾಲು ಇರುತ್ತದೆ. ಆ ಒಂದು ಸಾಲಿನ ಹಿಂದೆ ಎಷ್ಟು ಕೆಲಸ ಇದೆ ಅನ್ನೋದು ಅಡುಗೆ ಅಕ್ಕನಿಗೆ ಗೊತ್ತು.

ಇನ್ನೊಂದು ಮಾತೂ ಅವಳೇ ಹೇಳಿದ್ದು. ಬರೀ ಎರಿಮಣ್ಣು ಒಣಗಿದರೆ ಸೀಳುತ್ತದೆ, ಸ್ವಲ್ಪ ಅರಳೆ ಬಿಡಿಸಿ ಕಲಸಬೇಕು ಅಂತ. ಎರಿಮಣ್ಣಿನ ಗುಣವೇ ಅದು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇ ತಿಂಗಳಲ್ಲಿ ನಮ್ಮ ಹೊಲಗಳಲ್ಲಿ ಕಾಲು ಸಿಕ್ಕಿಬೀಳೋವಷ್ಟು ಬಿರುಕು ಬಿಡೋದು ಇದಕ್ಕೇ. ನಾನು ಬೇಕಂತಲೇ ಅರ್ಧ ಮಣ್ಣಿಗೆ ಮಾತ್ರ ಅರಳೆ ಹಾಕಿಸಿ, ಇನ್ನರ್ಧ ಹಾಗೇ ಬಿಡಿಸಿದೆ. ಯಾಕೆ ಅಂತ ಮಕ್ಕಳಿಗೆ ಹೇಳಲಿಲ್ಲ.

ಮೊದಲು ದುಂಡಗೆ ಕೂತು ಮಾತು. ಹತ್ತು ದಿನದ ಹಿಂದಷ್ಟೇ ಕಾರಹುಣ್ಣಿಮೆ ಆಗಿತ್ತು. ಎತ್ತಿನ ಮೈ ತೊಳೆದದ್ದು, ಕೋಡಿಗೆ ಬಣ್ಣ ಬಳಿದದ್ದು, ಊರಬಾಗಿಲು ಅಗಸಿ ಮುಂದೆ ಎತ್ತು ಓಡಿಸಿ ಕರಿ, ಅಂದರೆ ಅಡ್ಡ ಕಟ್ಟಿದ ತೋರಣ, ಹರಿದದ್ದು ಎಲ್ಲ ಮಕ್ಕಳ ಕಣ್ಣಲ್ಲಿ ಹಸಿಹಸಿ ಇತ್ತು. ಯಾವ ಬಣ್ಣದ ಎತ್ತು ಮೊದಲು ಬಂತು ಅನ್ನೋದರ ಮೇಲೆ ಮುಂಗಾರಿ ಚಲೋ ಆಗುತ್ತದೋ ಹಿಂಗಾರಿ ಚಲೋ ಆಗುತ್ತದೋ ಅಂತ ಊರ ಹಿರಿಯರು ಹೇಳುತ್ತಾರಲ್ಲ, ಅದರ ಬಗ್ಗೆ ಒಂದನೇ ಕ್ಲಾಸಿನವರಲ್ಲೇ ಜಗಳ ಹತ್ತಿತು. ಬಿಳಿದು ಬಂತು ಅಂತ ಒಬ್ಬ, ಕೆಂದು ಬಂತು ಅಂತ ಇನ್ನೊಬ್ಬಳು. ಅಷ್ಟೂ ದಿನ ಕ್ಲಾಸಿನಲ್ಲಿ 'ಹೌದ್ರಿ', 'ಇಲ್ರಿ' ಬಿಟ್ಟು ಬಾಯಿ ಬಿಡದ ಮಕ್ಕಳು ಅವತ್ತು ಸಾಕ್ಷಿ ಸಮೇತ ವಾದ ಮಾಡಿದರು. ಚಿಟ್ಟೆ ರೆಕ್ಕೆ ಕಟ್ಟಿದರೆ ಇಷ್ಟು ಮಾತು ಬರುತ್ತಿತ್ತಾ? ನನಗೆ ಅನುಮಾನ.

ಆಮೇಲೆ ಎಲ್ಲರಿಗೂ ಒಂದೊಂದು ಮುದ್ದೆ ಮಣ್ಣು. ಮಾದರಿ ಎತ್ತು ಮಾಡಿ ಮುಂದಿಡಬಾರದು ಅಂತ ಮೊದಲೇ ನಿರ್ಧಾರ ಮಾಡಿದ್ದೆ. ಟೀಚರ ಎತ್ತು ಮುಂದೆ ಇದ್ದರೆ ಮಕ್ಕಳು ಮಾಡೋದು ಎತ್ತಲ್ಲ, ಟೀಚರ ಎತ್ತು.

ಹೊಟ್ಟೆ ಸುಲಭ. ಅಂಗೈಯಲ್ಲಿ ಉರುಳಿಸಿದರೆ ಆಯಿತು. ಕೋಡು ಅದಕ್ಕಿಂತ ಖುಷಿ, ಎರಡು ಬೆರಳಲ್ಲಿ ಚಿವುಟಿ ಚಿವುಟಿ ಮೇಲೆ ಎಳೆಯೋದು. ನಮ್ಮ ಮಕ್ಕಳು ನೋಡಿರೋದು ಕಿಲಾರಿ ಎತ್ತು, ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಯಲ್ಲಿ ಸಾಲುಗಟ್ಟಿ ನಿಲ್ಲುತ್ತವಲ್ಲ, ಅವು. ಹಾಗಾಗಿ ಎಲ್ಲರ ಎತ್ತಿಗೂ ಮೈಗಿಂತ ಉದ್ದ ಕೋಡು. ಒಬ್ಬಳು ಕೋಡು ಮಾಡ್ತಾ ಮಾಡ್ತಾ ಮಣ್ಣೆಲ್ಲ ಅದಕ್ಕೇ ಖರ್ಚು ಮಾಡಿ, ಹೊಟ್ಟೆಗೆ ಮತ್ತೆ ಸಾಲ ಕೇಳಿದಳು.

ಕಷ್ಟ ಶುರುವಾದದ್ದು ಕಾಲಿಗೆ. ನಿಲ್ಲಿಸಿದರೆ ಬೀಳೋದು, ನಿಲ್ಲಿಸಿದರೆ ಬೀಳೋದು. ಕೋಣೆ ತುಂಬ ಎತ್ತು ಮುಗ್ಗರಿಸಿ ಬಿದ್ದಿದ್ದವು. ನನ್ನ ಕೈ ಕಡಿಯುತ್ತಿತ್ತು, ಒಂದೊಂದಕ್ಕೂ ಹೋಗಿ ಕಾಲು ದಪ್ಪ ಮಾಡಿ ಕೊಟ್ಟುಬಿಡೋಣ ಅಂತ. ಮಾಡಲಿಲ್ಲ. "ಯಾಕ ಬಿತ್ತು?" ಅಂತ ಮಾತ್ರ ಕೇಳಿದೆ.

"ಅದಕ್ಕ ನಿದ್ದಿ ಬಂದೈತ್ರಿ."

"ಹೊಟ್ಟಿ ದೊಡ್ಡದು ಆಗೇತ್ರಿ."

"ಕಾಲ ಇನ್ನಾ ಹಸಿ ಅದಾವ್ರಿ."

ಮೊದಲನೇ ಉತ್ತರ ಬಿಡಿ, ಅದೂ ಚಂದವೇ. ಎರಡನೆಯದು ಮತ್ತು ಮೂರನೆಯದು ಪಕ್ಕಾ ವಿಜ್ಞಾನ. ಹೊಟ್ಟೆ ದೊಡ್ಡದು ಅಂದವನು ಹೊಟ್ಟೆ ಕಿತ್ತು ಸಣ್ಣದು ಮಾಡಿದ. ಹಸಿ ಅಂದವಳು ಎತ್ತನ್ನು ಕಿಟಕಿಯ ಬಿಸಿಲಿಗೆ ಇಟ್ಟು ಕಾಯುತ್ತ ಕೂತಳು. ಮೂರನೇ ತರಗತಿಯ ಹುಡುಗಿಯೊಬ್ಬಳು ಕಸಬರಿಗೆಯಿಂದ ಕಡ್ಡಿ ಮುರಿದು ತಂದು ಕಾಲಿನೊಳಗೆ ಸಿಕ್ಕಿಸಿ ತೋರಿಸಿದ ಮೇಲೆ ಕ್ಲಾಸಿನ ಕಸಬರಿಗೆ ಉಳಿಯಲಿಲ್ಲ. ಮಾಮೂಲಿ ದಿನ ನಮ್ಮಲ್ಲಿ ಐದು ಗುಂಪಿಗೆ ಐದು ತಟ್ಟೆ, ಅಂದರೆ ಗುಂಪು ಕೂರೋ ಜಾಗ, ಯಾರು ಯಾವ ತಟ್ಟೆ ಅನ್ನೋದು ಕಾರ್ಡು ಹೇಳುತ್ತದೆ. ಅವತ್ತು ತಟ್ಟೆ ಲೆಕ್ಕ ಯಾರೂ ನೋಡಲಿಲ್ಲ. ಯಾರ ಎತ್ತು ನಿಂತಿತೋ ಅವರ ಸುತ್ತ ಗುಂಪು.

ಒಬ್ಬ ಹುಡುಗನ ಎತ್ತು ಮಾತ್ರ ಒಂದು ಸಲವೂ ಬೀಳಲಿಲ್ಲ, ಯಾಕೆಂದರೆ ಅವನು ಅದನ್ನು ಮಲಗಿಸಿಯೇ ಮಾಡಿದ್ದ. ಪಕ್ಕಕ್ಕೆ ಉರುಳಿದ ಎತ್ತು, ನಾಲ್ಕು ಕಾಲೂ ಒಂದೇ ಕಡೆ ಕೂಡಿಸಿ ಮೇಲಿಂದ ಮಣ್ಣಿನ ಹಗ್ಗ ಸುತ್ತಿದ್ದ. ಪಕ್ಕದವರು ನಗೋಕೆ ಶುರು ಮಾಡಿದರು, "ಇದು ಸತ್ತೈತಿ" ಅಂತ. ಅವನು ತಲೆ ಎತ್ತದೆ, "ಸತ್ತಿಲ್ಲ, ನಾಲ ಹೊಡಿಯಾಕತ್ತಾರ" ಅಂದ. ಅವನ ಅಜ್ಜ ನಾಲಬಂದ. ಎತ್ತಿಗೆ ನಾಲು ಹೊಡೆಯುವಾಗ ಹಾಗೇ ಕೆಡವಿ, ಕಾಲು ಕಟ್ಟಿ, ಗೊರಸಿಗೆ ಕಬ್ಬಿಣದ ಪಟ್ಟಿ ಇಟ್ಟು ಮೊಳೆ ಬಡಿಯುತ್ತಾರೆ. ಕಾಲಿನ ತುದಿಯಲ್ಲಿ ಉಗುರಿನಿಂದ ಗೀರಿ ಗೊರಸು ಎರಡು ಸೀಳು ಮಾಡಿದ್ದ. ಒಂದೊಂದು ಸೀಳಿಗೂ ಬೇರೆ ನಾಲು ಬರುತ್ತದೆ, ಕುದುರೆಗಾದರೆ ಒಂದೇ ಅಂತ ಅವನೇ ಎಲ್ಲರಿಗೂ ವಿವರಿಸಿದ. ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಇನ್ನೊಬ್ಬ ಬಹಳ ಹೊತ್ತು ಬೆನ್ನು ತಿರುಗಿಸಿ ಕೂತಿದ್ದ. ಹೋಗಿ ನೋಡಿದರೆ ಟ್ರ್ಯಾಕ್ಟರ್. ಹಿಂದೆ ಎರಡು ದೊಡ್ಡ ಗಾಲಿ, ಮುಂದೆ ಎರಡು ಸಣ್ಣವು, ಸೈಲೆನ್ಸರಿಗೆ ಕಡ್ಡಿ. "ಎತ್ತ ಮಾಡಪಾ" ಅಂದೆ. "ನಮ್ಮನ್ಯಾಗ ಎತ್ತ ಇಲ್ರಿ, ಮಾರ್ಯಾರ" ಅಂದ. ಸರಿ ಹೋಗು. ಎಲ್ಲರೂ ಎತ್ತಿನ ಮುಂದೆ ಗೋದಲಿ, ಅಂದರೆ ಮೇವು ಹಾಕೋ ತೊಟ್ಟಿ, ಮಾಡುವಾಗ, ನಿನ್ನ ಟ್ರ್ಯಾಕ್ಟರಿಗೆ ಗೋದಲಿ ಬೇಡವಾ ಅಂತ ಕೇಳಿದೆ. "ಅದಕ್ಕ ಮೇವು ಯಾಕ್ರಿ, ಡೀಸೆಲ್ ಡಬ್ಬಿ ಬೇಕ್ರಿ" ಅಂತ ಒಂದು ಡಬ್ಬಿ ಮಾಡಿಟ್ಟ. ಅವನ ಓಣಿಯಲ್ಲಿ ಈಗ ಎತ್ತಿರೋ ಮನೆ ಕಡಿಮೆ. ಒಂದು ಜೋಡಿ ಚಲೋ ಎತ್ತಿನ ಬೆಲೆ, ವರ್ಷದ ಮೇವು, ನೋಡಿಕೊಳ್ಳೋ ಆಳು, ಎಲ್ಲ ಲೆಕ್ಕ ಹಾಕಿದರೆ ಬಾಡಿಗೆ ಟ್ರ್ಯಾಕ್ಟರೇ ವಾಸಿ ಅಂತ ರೈತರು ಹೇಳುತ್ತಾರೆ. ಹಬ್ಬಕ್ಕೆ ಮಣ್ಣಿನ ಎತ್ತೇ ಬೇಕು ಅಂತ ನಾನು ಹಟ ಹಿಡಿದರೆ ಅದು ನನ್ನ ಹಟ. ಅವನಿಗೆ ಗೊತ್ತಿರೋ ಹೊಲದಲ್ಲಿ ಉಳೋದು ಅದೇ. ಟ್ರ್ಯಾಕ್ಟರನ್ನೂ ಎತ್ತಿನ ಸಾಲಿನಲ್ಲೇ ಇಟ್ಟೆವು.

ಕಣ್ಣಿಗೆ ಜೋಳದ ಕಾಳು. ಒಂದು ಎತ್ತಿಗೆ ಎಷ್ಟು ಕಾಳು ಬೇಕು ಅಂತ ಕೇಳಿದರೆ ತಾಂಡಾದಿಂದ ಬರೋ ಹುಡುಗಿ ಸುಮ್ನೆ ಒಂದು ಹಿಡಿ ತಗೊಂಡಳು. ಇರಲಿ ಅಂತ ಬಿಟ್ಟೆ. ತನ್ನ ಎತ್ತಿಗೆ ಕಣ್ಣು ಒತ್ತಿದ ಮೇಲೂ ಅಂಗೈ ತುಂಬ ಕಾಳು. ಪಕ್ಕದವಳ ಎತ್ತಿಗೆ ಎರಡು, ಅದರಾಚೆಯವನದಕ್ಕೆ ಎರಡು ಅಂತ ಹಂಚುತ್ತಾ ಹೋಗಿ, ಟ್ರ್ಯಾಕ್ಟರಿನ ಹತ್ತಿರ ನಿಂತು ಯೋಚನೆ ಮಾಡಿ, ಅದಕ್ಕೂ ಎರಡು ಕೊಟ್ಟಳು, ಲೈಟಿಗೆ. ಒಂದಕ್ಕೊಂದು ಹೊಂದಿಸೋದು ಅಂತ ಗಣಿತದಲ್ಲಿ ನಾವು ಕಾರ್ಡು ಇಟ್ಟು ಕಲಿಸೋದು ಇದನ್ನೇ. ಈ ಹುಡುಗಿಯ ತಂದೆತಾಯಿ ದಸರಾ ಹೊತ್ತಿಗೆ ಕಬ್ಬು ಕಡಿಯೋಕೆ ಮಹಾರಾಷ್ಟ್ರದ ಕಡೆ ಹೋಗುತ್ತಾರೆ, ಮಗಳನ್ನೂ ಕರಕೊಂಡು. ಆಮೇಲೆ ಅವಳ ಏಣಿಯ ಮೆಟ್ಟಿಲು ಎಲ್ಲಿ ನಿಂತಿತ್ತೋ ಅಲ್ಲೇ ಇರುತ್ತದೆ. ಇದಕ್ಕೆ ಯಾವ ಥೀಮ್ ಡೇಯಲ್ಲೂ ಉತ್ತರ ಇಲ್ಲ.

ಮೂರು ಕಾಲಿನ ಎತ್ತಿನ ಕಥೆ ಹೇಳಲೇಬೇಕು. ನಾಲ್ಕನೇ ಕಾಲು ಮುರಿದು ಮಣ್ಣೂ ಖಾಲಿಯಾದ ಹುಡುಗ ಅಳೋ ಮುಖ ಮಾಡಿಕೊಂಡು ಎದ್ದು ಬಂದ. ನಾನು ಏನಾದರೂ ಹೇಳೋದರೊಳಗೆ ಅವನ ಗೆಳೆಯ, "ಅಳಬ್ಯಾಡ್ಲೇ, ಇದು ಕುಂಟೆತ್ತು" ಅಂದ. ಮುಗಿಯಿತು, ಅಳು ನಗುವಾಯಿತು. ಅಮಾವಾಸ್ಯೆಯ ಮರುದಿನ ನಮ್ಮ ಕಡೆ ಹುಡುಗರು ಗೆಜ್ಜೆ ಕಟ್ಟಿಕೊಂಡು, ಎಂಟೆತ್ತಿನೊಳಗೆ ಒಂದು ಕುಂಟೆತ್ತು ಬಂದಿದೆ ಅಂತ ಹಾಡಿಕೊಂಡು, ಒಂಟಿಗಾಲಲ್ಲಿ ಕುಂಟುತ್ತ ಮನೆ ಮನೆಗೆ ಹೋಗಿ ಜೋಳ ಕೇಳುತ್ತಾರೆ. ಒಂದನೇ ಕ್ಲಾಸಿನವರಿಗೂ ಅದು ಬಾಯಿಪಾಠ. ಎಲ್ಲ ಅಂಗಳಕ್ಕೆ ಓಡಿದರು. ಒಂಟಿಗಾಲಲ್ಲಿ ಗೋಡೆಯಿಂದ ಬೇವಿನ ಗಿಡದವರೆಗೆ, ಕಾಲು ಬದಲಿಸಿ ವಾಪಸ್. ಬೆಳಿಗ್ಗೆ ಯೋಗದಲ್ಲಿ ಒಂದೇ ಕಾಲಲ್ಲಿ ನಿಲ್ಲೋಕೆ ಒದ್ದಾಡಿದವರೇ ಇವರು!

ದಣಿದು ಕೂತಾಗ ಲೆಕ್ಕ ಕೇಳಿದೆ. "ಎಂಟು ಎತ್ತು. ಒಂದು ಕುಂಟು. ಹೊಲಕ್ಕ ಎಷ್ಟು ಹೋಗ್ತಾವ?"

ಬೆರಳು ಮಡಚಿ ಎಣಿಸಿ, "ಏಳ್ರೀ" ಅಂದರು. ನಾನು ಬರೆದುಕೊಂಡು ಬಂದಿದ್ದ ಉತ್ತರವೂ ಅದೇ.

"ಅಲ್ರಿ, ಆರ," ಅಂದ ಟ್ರ್ಯಾಕ್ಟರ್ ಹುಡುಗ.

ಯಾಕೆ?

"ನೊಗಕ್ಕ ಎರಡ ಬೇಕಲ್ರಿ. ಒಂದ ಮನ್ಯಾಗ ಉಳಿತೈತಿ."

ಏಳು ಎತ್ತಿಗೆ ಮೂರು ಜೋಡಿ, ಒಂದು ಉಳಿಕೆ. ಭಾಗಾಕಾರದ ಶೇಷವನ್ನು ನಾವು ಕಲಿಸೋದು ಎಷ್ಟೋ ಆಮೇಲೆ, ಆಗಲೂ ಮಕ್ಕಳು ಕಣ್ಣು ಕಣ್ಣು ಬಿಡುತ್ತಾರೆ. ಮನೆಯಲ್ಲಿ ಎತ್ತೇ ಇಲ್ಲದ ಹುಡುಗ ಇದನ್ನು ಹೇಳಿದ. ಎರಡೂ ಉತ್ತರಕ್ಕೂ ಸರಿ ಹಾಕಿದೆ. ಉಳಿದ ಒಂದು ಎತ್ತು ಏನು ಮಾಡುತ್ತದೆ ಅಂತ ಕೇಳಿದ್ದಕ್ಕೆ, ಕುಂಟೆತ್ತಿಗೆ ಜೊತೆಗೆ ಇರುತ್ತದೆ ಅಂದರು.

ಕೊನೆಗೆ ಗೆರೆ. ಬೋರ್ಡಿನ ಮೇಲೆ 'ಎ ಎತ್ತು' ಅಂತ ಬರೆದು ಹತ್ತು ಸಲ ತಿದ್ದಿಸೋದು ಬಹಳ ಸುಲಭದ ಕೆಲಸ, ಮೇಲಿನವರಿಗೆ ಕಳಿಸೋ ಫೋಟೋಕ್ಕೂ ಚೆನ್ನಾಗಿ ಕಾಣುತ್ತದೆ. ಆದರೆ ಎ ಅಕ್ಷರ ಅವರ ಏಣಿಯಲ್ಲಿ ಇನ್ನೂ ಎಷ್ಟೋ ದೂರ. ಅದರ ಬದಲು ಗೋಡೆಯ ಕಪ್ಪು ಹಲಗೆಗೆ ಕಳಿಸಿದೆ. ಕೋಡು ಬಿಡಿಸಿ, ಅಂದರೆ ಅರ್ಧ ಚಂದ್ರ, ಎಡಕ್ಕೊಂದು ಬಲಕ್ಕೊಂದು. ನೊಗ ಬಿಡಿಸಿ, ಮಲಗಿದ ಗೆರೆ. ಕಾಲು, ನಿಂತ ಗೆರೆ. ಗಾಲಿ, ಪೂರ್ತಿ ಸುತ್ತು. ನಮ್ಮ ಅಕ್ಷರದಲ್ಲಿ ಇರೋದೆಲ್ಲ ಹೆಚ್ಚಾಗಿ ದುಂಡೇ ಅಲ್ವಾ, ಕೋಡು ಬಂದವರಿಗೆ ಮುಂದೆ ರ ಗ ಸ ಬರುತ್ತದೆ. ಚಾಕ್‌ಪೀಸ್ ಹಿಡಿದ ಬೆರಳುಗಳ ಸಂದಿಯಲ್ಲೆಲ್ಲ ಮಣ್ಣು ಒಣಗಿ ಬೂದಿ ಬಣ್ಣ. ಕೆಲವರು ಇನ್ನೂ ಮುಷ್ಟಿಯಲ್ಲೇ ಹಿಡಿದಿದ್ದರು. ಒಂದೇ ದಿನಕ್ಕೆ ಪವಾಡ ಆಗೋದಿಲ್ಲ.

ಸೋಮವಾರ ಬಂದು ನೋಡಿದರೆ ಎತ್ತುಗಳು ಒಣಗಿದ್ದವು. ಅರಳೆ ಹಾಕದ ಮಣ್ಣಿನವು ಬೆನ್ನ ಮೇಲೆ, ಕತ್ತಿನಲ್ಲಿ ಸೀಳಿದ್ದವು. ಅರಳೆಯವು ಬಹುಪಾಲು ಗಟ್ಟಿ. ಎರಡನ್ನೂ ಪಕ್ಕಪಕ್ಕ ಇಟ್ಟು ಏನು ಬೇರೆ ಅಂತ ಕೇಳಿದೆ. ಸೀಳಿದ ಎತ್ತಿನೊಳಗೆ ಇಣುಕಿ, ಉಗುರಿನಿಂದ ಕೆರೆದು, ಇನ್ನೊಂದರ ಮುರಿದ ಕೋಡಿನಲ್ಲಿ ಬಿಳಿ ಎಳೆ ಕಂಡ ಮೇಲೆ ಉತ್ತರ ತಾನಾಗಿ ಬಂತು. "ಇದರೊಳಗ ಹತ್ತಿ ಐತ್ರಿ, ಹಿಡದೈತ್ರಿ."

ಬುಧವಾರ ಎತ್ತುಗಳು ಜಗಲಿ ಏರಿ ಪೂಜೆ ಮಾಡಿಸಿಕೊಂಡವು. ಟ್ರ್ಯಾಕ್ಟರಿಗೂ ಕುಂಕುಮ ಬಿತ್ತಂತೆ. ಒಬ್ಬ ತಾಯಿ ಬಂದು ಹೊಸ ಅಂಗಿಯ ಕಲೆ ಹೋಗಿಲ್ಲ ಅಂತ ಬೈದು ಹೋದಳು, ಎರಿಮಣ್ಣಿನ ಕಲೆ ಬಿಡೋದು ಕಷ್ಟ, ನಿಜ. ಉಳಿದ ಮಣ್ಣನ್ನು ಬಕೆಟ್ಟಿನಲ್ಲಿ ಒದ್ದೆ ಗೋಣಿಚೀಲ ಮುಚ್ಚಿ ಇಟ್ಟುಕೊಂಡೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಆಮೇಲೆ ಪಂಚಮಿಯ ನಾಗಪ್ಪ, ಭಾದ್ರಪದದಲ್ಲಿ ಗಣಪ್ಪ, ಅವನ ಹಿಂದೆ ಜೋಕುಮಾರ. ಮಳೆಗಾಲ ಪೂರ್ತಿ ನಮ್ಮ ಹಬ್ಬಗಳೆಲ್ಲ ಮಣ್ಣಿನವೇ, ಬೆರಳಿಗೆ ಕೆಲಸ ಕೊಡೋಕೆ ಬೇರೆ ಕಿಟ್ ತರಿಸೋ ಅಗತ್ಯ ಇಲ್ಲ.

2026ರಲ್ಲಿ ಅಧಿಕ ಜ್ಯೇಷ್ಠ ಇರೋದರಿಂದ ಮಣ್ಣೆತ್ತಿನ ಅಮಾವಾಸ್ಯೆ ಜುಲೈ 14ಕ್ಕೆ ಹೋಗುತ್ತದೆ. ಯೋಗ ದಿನದ ಜೊತೆ ತಾಕಲಾಟ ಇಲ್ಲ, ಶಾಲೆಗೆ ಬಂದು ಒಂದೂವರೆ ತಿಂಗಳಾಗಿರುತ್ತದೆ, ಮಕ್ಕಳಿಗೆ ನನ್ನ ಹೆದರಿಕೆಯೂ ಬಿಟ್ಟಿರುತ್ತದೆ. ಆಗ ಆ ಹುಡುಗನ ಅಜ್ಜ ನಾಲಬಂದನನ್ನು ಕ್ಲಾಸಿಗೆ ಕರೆಸಬೇಕು ಅಂತಿದ್ದೇನೆ, ಸುತ್ತಿಗೆ, ಮೊಳೆ, ನಾಲು ಎಲ್ಲ ತಗೊಂಡು. ನಮ್ಮ ಹೆಡ್‌ಮಾಸ್ತರರು ಒಪ್ಪಿದ್ದಾರೆ. ಶಾಲೆ ಅಂಗಳದಲ್ಲಿ ನಿಜವಾದ ಎತ್ತು ಕೆಡವಬಾರದು ಅಂತ ಮಾತ್ರ ಹೇಳಿದ್ದಾರೆ.